ಏಳುಮಲೈ ಮೇಸ್ತ್ರಿಯ ಪರವಾಗಿ

ಕಳೆದ ತಿಂಗಳು ಬೂದಿಕೋಟೆಯಿಂದ ಬಂಗಾರಪೇಟೆಗೆ ಬರುವಾಗ ಎಮ್ಮೆಗಳು ಅಡ್ಡ ಬಂದು ಬಸ್ಸು ನಿಂತಿತು. ಪಕ್ಕದ ಟೊಮೆಟೊ ತೋಟದಲ್ಲಿ ಯಾರೋ ಡೀಸೆಲ್ ಇಂಜಿನ್ ಹಚ್ಚಿ ನೀರು ಹಾಯಿಸುತ್ತಿದ್ದರು. ಅದರ ಹೊಗೆ ಒದ್ದೆ ಮಣ್ಣಿನ ವಾಸನೆಯ ಜೊತೆ ಸೇರಿಕೊಂಡು ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಐದು ವರ್ಷದ ಹಿಂದಿನ ಆ ಮಳೆಗಾಲ, ಆಷಾಢದ ಗಾಳಿಯಿಂದ ದೀಪಾವಳಿಯವರೆಗಿನ ಒಂದೊಂದು ದಿನವೂ, ಎದುರಿಗೆ ಬಂದು ನಿಂತಿತು.

ಆಗ ನಾನು ಕರಿ ಕೋಟು ಹಾಕಿ ಮೂರು ವರ್ಷವಾಗಿತ್ತು. ನಮ್ಮೂರು ಬೂದಿಕೋಟೆ ಹತ್ತಿರದ ಹಳ್ಳಿ. ಬೆಳಿಗ್ಗೆ ಅಮ್ಮನ ಜೊತೆ ಡೈರಿಗೆ ಹಾಲು ಹಾಕಿ, ಬಸ್ಸಿನಲ್ಲಿ ಬಂಗಾರಪೇಟೆಗೆ, ಅಲ್ಲಿಂದ ಮಾರಿಕುಪ್ಪಂ ರೈಲಿನಲ್ಲಿ ಕೆಜಿಎಫ್ ಕೋರ್ಟಿಗೆ ಹೋಗುತ್ತಿದ್ದೆ. ಬದುವಿನ ಜಗಳ, ಭಾಗದ ಕೇಸು, ಜಾಮೀನು ಅರ್ಜಿ, ಇಷ್ಟೇ ನನ್ನ ಕೆಲಸ. ವಕೀಲರನ್ನು ಇಟ್ಟುಕೊಳ್ಳಲಾಗದ ಬಡ ಆರೋಪಿಗಳಿಗೆ ಸರ್ಕಾರದ ಕಡೆಯಿಂದ ವಕೀಲರನ್ನು ಕೊಡುತ್ತಾರಲ್ಲ, ಆ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಆಷಾಢದ ಒಂದು ದಿನ, ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಗಾಳಿಗೆ ಎದ್ದು ಕೋರ್ಟಿನ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದ ದಿನ, ಒಂದು ಕಡತ ನನ್ನ ಕೈಗೆ ಬಂತು. ಆರೋಪಿ ಏಳುಮಲೈ, ವಯಸ್ಸು ಅರವತ್ತೊಂದು, ಕೆಜಿಎಫ್‌ನ ಕೋರಮಂಡಲ್ ವಾಸಿ. ಆರೋಪ, ಕೊಲೆಯಲ್ಲದ ನರಹತ್ಯೆ. ಕೊಲ್ಲುವ ಉದ್ದೇಶ ಇಲ್ಲದಿದ್ದರೂ, ಇದರಿಂದ ಮನುಷ್ಯ ಸಾಯಬಹುದು ಎಂದು ಗೊತ್ತಿದ್ದೇ ಮಾಡಿದ ಕೆಲಸ ಎಂದು ಅದರ ಅರ್ಥ. ಸಾಬೀತಾದರೆ ಹತ್ತು ವರ್ಷದವರೆಗೆ ಜೈಲು.

ಸಾವು ನಡೆದದ್ದು ಅದರ ಹಿಂದಿನ ವರ್ಷದ ಬೇಸಿಗೆಯಲ್ಲಿ. ಬೆಂಗಳೂರಿನ ನೀರನ್ನು ಶುದ್ಧ ಮಾಡಿ ನಮ್ಮ ಕಡೆಯ ಕೆರೆಗಳಿಗೆ ಬಿಟ್ಟ ಮೇಲೆ, ನಾನು ಹುಟ್ಟುವ ಮೊದಲೇ ಬತ್ತಿದ್ದ ಬಾವಿಗಳಲ್ಲಿ ಜಿನುಗು ಕಾಣಿಸಿತ್ತು. ಎಲ್ಲರೂ ಹಳೆಯ ಬಾವಿಗಳ ಹೂಳೆತ್ತಿಸಲು ಹೊರಟರು. ಬೂದಿಕೋಟೆ ಕಡೆಯ ರಾಜಶೇಖರಪ್ಪ ಎಂಬ ತೋಟದ ಯಜಮಾನ ತನ್ನ ಅಜ್ಜನ ಕಾಲದ ಕಲ್ಲುಕಟ್ಟಡದ ಬಾವಿಗೆ ಏಳುಮಲೈಯನ್ನು ಕರೆಸಿದ್ದ. ಏಳುಮಲೈ ಚಿನ್ನದ ಗಣಿಯ ಸುರಂಗದಲ್ಲಿ ಕೆಲಸ ಮಾಡಿದವನು. ಗಣಿ ಮುಚ್ಚಿದ ಮೇಲೆ ಬಾವಿ ಕೆಲಸದ ಮೇಸ್ತ್ರಿಯಾಗಿದ್ದ. ಅವನ ಕೈಕೆಳಗೆ ಅಲ್ಲಿಯವರೇ ಇಬ್ಬರು ಆಳುಗಳು, ಸೀನಪ್ಪ ಮತ್ತು ಮುನಿಯಪ್ಪ. ಐದನೆಯ ದಿನ ಮಧ್ಯಾಹ್ನ ಸೀನಪ್ಪ ಬಾವಿಗೆ ಇಳಿದವನು ಜೀವಂತ ಮೇಲೆ ಬರಲಿಲ್ಲ. ವಿಷಗಾಳಿ ಇದೆಯೆಂದು ಗೊತ್ತಿದ್ದರೂ ಪರೀಕ್ಷೆ ಮಾಡದೆ ಮೇಸ್ತ್ರಿಯೇ ಅವನನ್ನು ಇಳಿಸಿದ ಎಂದು ರಾಜಶೇಖರಪ್ಪ ದೂರು ಕೊಟ್ಟ. ಊರಿನವರು ಹೆಣವನ್ನು ರಸ್ತೆಯಲ್ಲಿಟ್ಟು ಕೂತರು. ಏಳುಮಲೈ ಜೈಲಿಗೆ ಹೋದ. ಎರಡು ತಿಂಗಳಾದ ಮೇಲೆ ಜಾಮೀನು ಸಿಕ್ಕಿತ್ತು.

ನಾನು ಅವನನ್ನು ನೋಡಲು ಕೋರಮಂಡಲ್‌ಗೆ ಹೋದೆ. ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಕೊನೆಯ ಮನೆ. ಬಾಗಿಲಲ್ಲಿ ಬಗ್ಗಿಕೊಂಡೇ ಹೊರಗೆ ಬಂದ ಎತ್ತರದ ಮನುಷ್ಯ ನನಗೆ ಸ್ಟೂಲು ಹಾಕಿ ತಾನು ಹೊಸ್ತಿಲ ಮೇಲೆ ಕೂತ.

"ವಕೀಲಮ್ಮ, ನಿಮಗ್ಯಾಕಮ್ಮ ಕಷ್ಟ? ನಾನು ತಪ್ಪು ಒಪ್ಕೊಂಡ್ಬಿಡ್ತೀನಿ."

"ಏನು ತಪ್ಪು ಮಾಡಿದಿರಿ?"

"ಆಳು ನನ್ನ ಆಳು. ಹಗ್ಗ ನನ್ನ ಹಗ್ಗ. ಸುರಂಗದಾಗೆ ಗ್ಯಾಂಗ್ ಬಿಟ್ಟು ಮೇಸ್ತ್ರಿ ಓಗಬಾರ್ದು. ನಾನು ಓದೆ. ಅವ್ನು ಸತ್ತ. ಇನ್ನೇನಮ್ಮ ಬೇಕು?"

ಒಳಗಿನಿಂದ ಅವನ ಹೆಂಡತಿ ಪೊನ್ನಮ್ಮ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. "ಒಪ್ಕೋ! ಒಪ್ಕೊಂಡು ಒಳಗೆ ಕೂತ್ಕೋ. ಹೊಗೆ ಹಾಕಿ ಸಾಯಿಸ್ದೋನು ಜಗಲಿ ಮೇಲೆ ಕಾಪಿ ಕುಡೀಲಿ!"

ಹೊಗೆ ಎಂಬ ಮಾತು ಇಡೀ ಕಡತದಲ್ಲಿ ಎಲ್ಲೂ ಇರಲಿಲ್ಲ. ಏನದು ಎಂದು ಕೇಳಿದೆ. ಏಳುಮಲೈ ನಿಧಾನವಾಗಿ ಹೇಳತೊಡಗಿದ.

ಅಂದು ಬೆಳಿಗ್ಗೆಯೂ ಅವನು ಹಗ್ಗಕ್ಕೆ ಲಾಂದ್ರ ಕಟ್ಟಿ ಬಾವಿಯ ತಳದವರೆಗೆ ಇಳಿಸಿ ನೋಡಿದ್ದ. ದೀಪ ಆರಲಿಲ್ಲ. ಮೂವರೂ ಹತ್ತು ಗಂಟೆಯವರೆಗೆ ಕೆಸರು ಎತ್ತಿದರು. ಅಷ್ಟರಲ್ಲಿ ಜಿನುಗು ಹೆಚ್ಚಾಗಿ ಮೊಣಕಾಲುದ್ದ ನೀರು ನಿಂತಿತು. ಕರೆಂಟು ಸಂಜೆಗೇ ಬರುವುದು. ಡೀಸೆಲ್ ಇಂಜಿನ್ನನ್ನು ಬಾವಿಯ ನಡು ಮೆಟ್ಟಿಲಿಗೆ ಇಳಿಸಿ ನೀರು ಹೊರಗೆ ಹಾಕೋಣ ಎಂದ ಯಜಮಾನ. ಏಳುಮಲೈ ಒಪ್ಪಲಿಲ್ಲ. ಸಂಜೆವರೆಗೆ ಕೆಲಸ ನಿಲ್ಲಿಸಿ, ಸವೆದ ರಾಟೆ ಬದಲಾಯಿಸಲು ಬಂಗಾರಪೇಟೆಗೆ ಹೋದ. ವಾಪಸು ಬಂದಾಗ ಬಾವಿಯ ಸುತ್ತ ಜನ. ಅವನಿಲ್ಲದಾಗ ಬಾವಿಗೆ ಇಳಿಸಿದ್ದ ಇಂಜಿನ್ನನ್ನು ಮೇಲೆಳೆದಾಗಿತ್ತು. ಸೀನಪ್ಪ ಕೆಳಗೇ ಇದ್ದ. ಏಳುಮಲೈ ಬೇವಿನ ಕೊಂಬೆಗಳನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಕದಡಿದ, ಕೊಡಗಟ್ಟಲೆ ನೀರು ಸುರಿಸಿದ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತಾನೇ ಇಳಿದು ಅವನನ್ನು ಹೆಗಲ ಮೇಲೆ ಹೊತ್ತು ತಂದ.

"ಹೆಣ ತರ ಇರ್ಲಿಲ್ಲಮ್ಮ. ತುಟಿ, ಉಗುರು ಎಲ್ಲಾ ಕೆಂಪು ಕೆಂಪು. ಸುರಂಗದಾಗೆ ಸಿಡಿಮದ್ದಿನ ಹೊಗೆಗೆ ಸಿಕ್ಕಿ ಸತ್ತೋರು ಇಂಗೇ ಇರೋರು. ಇಂಜಿನ್ ಹೊಗೆ ಹಳ್ಳದಾಗೆ ನಿಂತ್ಬಿಟ್ರೆ ಹಂಗೇ. ಕೆಟ್ಟ ಗಾಳಿಗೆ ದೀಪ ಆರ್ತದೆ. ಈ ಹೊಗೆಗೆ ದೀಪ ಆರಲ್ಲ, ಮನುಷ್ಯನೇ ಆರಿ ಓಗ್ತಾನೆ."

"ಇದನ್ನು ಪೊಲೀಸರಿಗೆ ಹೇಳಲಿಲ್ಲವಾ?"

"ಹೇಳ್ದೆ. ಇಂಜಿನ್ ಎಲ್ಲಿ ತೋರ್ಸು ಅಂದ್ರು. ಆವಾಗ ಅಲ್ಲಿ ಇಂಜಿನ್ನೂ ಇಲ್ಲ, ಏನೂ ಇಲ್ಲ."

ನನಗೆ ಅವನ ಮೇಲೆ ಸಿಟ್ಟು ಬಂತು. "ಮೇಸ್ತ್ರಿ, ನೀವು ತಪ್ಪೊಪ್ಪಿಕೊಂಡರೆ ಆ ಇಂಜಿನ್ ಹೆಸರು ಯಾವ ಕಾಗದದಲ್ಲೂ ಬರುವುದಿಲ್ಲ. ಮುಂದಿನ ಬೇಸಿಗೆಗೆ ಇನ್ನೊಬ್ಬ ಯಜಮಾನ ಇನ್ನೊಂದು ಬಾವಿಗೆ ಇಂಜಿನ್ ಇಳಿಸುತ್ತಾನೆ. ಇನ್ನೊಬ್ಬ ಸೀನಪ್ಪ ಇಳಿಯುತ್ತಾನೆ. ಅದೂ ನಿಮ್ಮ ಲೆಕ್ಕಕ್ಕೇ ಬರಲಿ ಅಂತೀರಾ?"

ಅವನು ತಲೆ ತಗ್ಗಿಸಿದ. ಪೊನ್ನಮ್ಮ ಕಾಫಿ ಲೋಟ ತಂದು ನನ್ನ ಕೈಗಿತ್ತು ಗಂಡನ ಎದುರಿಗೇ ನಿಂತುಕೊಂಡಳು. ಕೊನೆಗೆ ಅವನು ಮುಖ ಎತ್ತಿ, "ಸರಿ ಕಣ್ಣು. ಏನ್ ಕೇಳ್ಬೇಕೋ ಕೇಳು," ಎಂದ. ತಮಿಳು ಮನೆಗಳಲ್ಲಿ ಮಗಳನ್ನು ಕರೆಯುವ ಹಾಗೆ ಕಣ್ಣು ಎಂದಿದ್ದ. ಆ ಗಳಿಗೆಯಿಂದ ಅದು ನನ್ನ ಕೇಸಾಯಿತು.

ಕಡತವನ್ನು ಎಷ್ಟು ಸಲ ಓದಿದೆನೋ. ಸ್ಥಳ ಮಹಜರಿನ ಫೋಟೋಗಳಲ್ಲಿ ಒಂದರಲ್ಲಿ, ಬಾವಿಯ ನಡು ಮೆಟ್ಟಿಲ ಪಕ್ಕದ ಕಲ್ಲುಗಳ ಮೇಲೆ ಕಪ್ಪು ಮಚ್ಚೆ ಕಂಡಿತು. ಜೆರಾಕ್ಸಿನಲ್ಲಿ ಅದು ನೆರಳಿನಂತಿತ್ತು. ಅರ್ಜಿ ಹಾಕಿ ಅಸಲಿ ಫೋಟೋ ತರಿಸಿ ನೋಡಿದೆ. ಬೇರೆ ನೆರಳುಗಳೆಲ್ಲ ಎಡಕ್ಕೆ ಬಿದ್ದಿದ್ದವು. ಈ ಕಪ್ಪು ಮಾತ್ರ ಬೀಸಣಿಗೆಯ ಹಾಗೆ ಮೇಲಕ್ಕೆ ಹರಡಿತ್ತು. ಅದು ಹೊಗೆಯ ಮಸಿ. ನನಗಿಂತ ಇಪ್ಪತ್ತು ವರ್ಷ ಹಿರಿಯ ವಕೀಲರೊಬ್ಬರಿಗೆ ತೋರಿಸಿದೆ. "ಬಾವಿ ಅಂದ್ಮೇಲೆ ಕಪ್ಪಗೇ ಇರ್ತದಮ್ಮ. ಇದನ್ನ ಹಿಡ್ಕೊಂಡು ಎಲ್ಲಿಗೋಗ್ತೀಯಾ?" ಎಂದು ನಕ್ಕರು. ಮರಣೋತ್ತರ ವರದಿಯಲ್ಲೂ ಒಂದು ಸಾಲಿತ್ತು. ಉಗುರು ಮತ್ತು ತುಟಿಗಳು ಗುಲಾಬಿಗೆಂಪು. ಅದನ್ನು ಬರೆದ ವೈದ್ಯರು ಉಸಿರುಗಟ್ಟಿ ಸಾವು ಎಂದು ಮುಗಿಸಿದ್ದರು. ರಕ್ತವನ್ನು ಪ್ರಯೋಗಾಲಯದಲ್ಲಿ ನೋಡಿದ್ದು ಕುಡಿದ ವಿಷಕ್ಕೆ ಮಾತ್ರ. ಉಳಿದ ರಕ್ತದಲ್ಲಿ ಹೊಗೆಯ ವಿಷ ಇದೆಯೇ ನೋಡಬೇಕು ಎಂದು ನಾನು ಅರ್ಜಿ ಹಾಕಿದೆ. ಸಾಕ್ಷಿಗಳ ವಿಚಾರಣೆ ಆಗಲಿ, ಆಮೇಲೆ ನೋಡೋಣ ಎಂದರು ನ್ಯಾಯಾಧೀಶರು.

ಅಷ್ಟರಲ್ಲಿ ನಾನು ಯಾರ ಪರ ನಿಂತಿದ್ದೇನೆ ಎಂಬುದು ನಮ್ಮ ಹಳ್ಳಿಗೆ ತಿಳಿಯಿತು. ಸೀನಪ್ಪನ ಊರು ನಮ್ಮೂರಿನಿಂದ ಒಂದು ಹೊಲ ದಾಟಿದರೆ ಸಿಗುತ್ತದೆ. ಡೈರಿ ಸಾಲಿನಲ್ಲಿ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಒಂದು ಬೆಳಿಗ್ಗೆ ಒಬ್ಬಳು ಎದುರಿಗೇ ಕೇಳಿದಳು. "ಏನಮ್ಮೋ ಭಾರತಿ, ನಮ್ ಕಡೆ ಉಡ್ಗ ಸತ್ತವ್ನೆ. ನೀನು ಸಾಯಿಸ್ದೋನ ಕಡೆ ನಿಂತಿದ್ದೀಯ ಅಂತಾರಲ್ಲ, ದಿಟವಾ?" ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕ್ಯಾನು ಕೆಳಗಿಟ್ಟಳು. "ಸಾಯಿಸ್ದೋನು ಯಾರು ಅಂತ ಅವ್ಳು ಉಡುಕ್ತಾವ್ಳೆ. ನಿಂಗೆ ಗೊತ್ತಿದ್ರೆ ನೀನೇ ಬಂದು ಜಡ್ಜ್ ಮುಂದೆ ಯೋಳು, ಅವ್ಳಿಗೂ ಕೆಲ್ಸ ಕಮ್ಮಿ ಆಯ್ತದೆ." ಮನೆಗೆ ಬಂದ ಮೇಲೆ ಮಾತ್ರ ಮೆಲ್ಲಗೆ ಕೇಳಿದಳು. "ಆಯಪ್ಪ ಮಾಡಿಲ್ಲ ತಾನೇ?" ಮಾಡಿಲ್ಲ ಎಂದೆ. ಗಟ್ಟಿಯಾಗಿಯೇ ಹೇಳಿದೆ. ಆದರೂ ಎದೆಯೊಳಗೆ ಒಂದು ಅಳುಕು ಇದ್ದೇ ಇತ್ತು.

ಶ್ರಾವಣದಲ್ಲಿ ವಿಚಾರಣೆ ಶುರುವಾಯಿತು. ನ್ಯಾಯಾಧೀಶರು ವಿಜಯಪುರದ ಕಡೆಯವರು. ಮಿತಭಾಷಿ, ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳುವವರು. ಮೊದಲ ಸಾಕ್ಷಿ ರಾಜಶೇಖರಪ್ಪ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಡವರಿಸದ ಮಾತು. ಪಾಟೀಸವಾಲಿನಲ್ಲಿ ನಾನು ಇಂಜಿನ್ ವಿಷಯ ಕೇಳಿದಾಗ, "ನಮ್ಮ ಇಂಜಿನ್ ಕೆಟ್ಟು ವರ್ಷ ಆಯ್ತು, ಶೆಡ್ಡಲ್ಲಿ ಬಿದ್ದಿದೆ," ಎಂದ. ಎರಡನೆಯವನು ಮುನಿಯಪ್ಪ. ಅವನು ಈಗ ಅದೇ ತೋಟದ ಆಳು. ನೆಲ ನೋಡಿಕೊಂಡೇ ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಹೂಂ ಎಂದ, ನನ್ನ ಪ್ರಶ್ನೆಗಳಿಗೆಲ್ಲ ಗೊತ್ತಿಲ್ಲ ಎಂದ. ಆ ಸಂಜೆ ಏಳುಮಲೈ ನನ್ನ ಜೊತೆ ಸ್ಟೇಷನ್ನಿನವರೆಗೆ ನಡೆದು ಬಂದ. "ಬಿಡು ಕಣ್ಣು. ಮುನಿಯಪ್ಪ ಒಳ್ಳೇನೇ. ಅವ್ನ ಒಟ್ಟೆ ಯಜಮಾನನ ಕೈಯಾಗೆ ಅದೆ," ಎಂದ. ಸೋಲುತ್ತಿರುವ ಮನುಷ್ಯ ನನಗೇ ಸಮಾಧಾನ ಹೇಳುತ್ತಿದ್ದ. ರೈಲಿನಲ್ಲಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಮೂರನೆಯ ಸಾಕ್ಷಿ ಸೀನಪ್ಪನ ಹೆಂಡತಿ ರತ್ನಮ್ಮ. ಅಂದು ಹಿಂಗಾರು ಮಳೆ ಹಿಡಿದಿತ್ತು. ಅವಳು ಒದ್ದೆ ಸೆರಗು ಹಿಂಡಿಕೊಂಡು ಬಂದು ಕಟಕಟೆ ಹತ್ತಿದಳು. ಮೂವತ್ತೂ ದಾಟದ ಹೆಣ್ಣು. ಏಳುಮಲೈಯನ್ನು ಅವಳು ನೋಡಿದ ನೋಟಕ್ಕೆ ಅವನು ಮುಖ ತಿರುಗಿಸಿದ.

ಸರ್ಕಾರಿ ವಕೀಲರು ಕೇಳಿದರು. "ನಿಮ್ಮ ಗಂಡನನ್ನು ಕೊನೆಗೆ ನೋಡಿದ್ದು ಯಾವಾಗಮ್ಮ?"

"ಬುತ್ತಿ ಕೊಡಾಕ್ ಓಗಿದ್ನಲ್ಲ ಸಾಮಿ, ಅವಾಗ. ಬಾವಿ ಕಟ್ಟೆ ಮೇಲೆ ನಿಂತಿದ್ದ ಆಯಪ್ಪ. ಕೂಗ್ದೆ, ಕೇಳಿಸ್ಲಿಲ್ಲ. ತಿರುಗಿ ನೋಡಿ, ಮರದಡಿ ಇಟ್ಬುಟ್ ಓಗು ಅಂತ ಕೈಸನ್ನೆ ಮಾಡ್ದ. ಇಟ್ಬುಟ್ ಬಂದ್ಬಿಟ್ಟೆ. ಆಮ್ಯಾಕೆ ಹೆಣಾನೇ ನೋಡಿದ್ದು."

ಆಮೇಲೆ ಅವಳು ಅತ್ತಳು. ಮೇಸ್ತ್ರಿಯೇ ಗಂಡನನ್ನು ಕೊಂದ ಎಂದು ತೋಟದ ಯಜಮಾನರು ಹೇಳಿದರು ಎಂದಳು. ಸರ್ಕಾರಿ ವಕೀಲರು ಕೂತರು. ನಾನು ಎದ್ದೆ.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಕೇಳಬಾರದು ಎಂದು ಹಿರಿಯರೆಲ್ಲ ಹೇಳಿಕೊಡುತ್ತಾರೆ. ಗಂಡನನ್ನು ಕಳೆದುಕೊಂಡವಳಿಗೆ ಪ್ರಶ್ನೆಗಳಿಲ್ಲ ಎಂದು ಹೇಳಿ ಕೂರುವುದೇ ಜಾಣತನ. ಆದರೆ ಕೇಳಿಸ್ಲಿಲ್ಲ ಎಂಬ ಆ ಒಂದು ಮಾತು ನನ್ನ ತಲೆಯೊಳಗೆ ಸಿಕ್ಕಿಕೊಂಡಿತ್ತು. ಕಡತವನ್ನು ಎದೆಗೆ ಒತ್ತಿ ಹಿಡಿದುಕೊಂಡೆ.

"ರತ್ನಮ್ಮ, ನೀವು ಕೂಗಿದಾಗ ಬಾವಿಯಿಂದ ಎಷ್ಟು ದೂರ ಇದ್ರಿ?"

"ಇಲ್ಲಿಂದ ಆ ಬಾಗ್ಲಷ್ಟು."

"ಅಷ್ಟು ಹತ್ತಿರದಿಂದ ಕೂಗಿದರೂ ಅವರಿಗೆ ಯಾಕೆ ಕೇಳಿಸಲಿಲ್ಲ?"

"ಇಂಜಿನ್ ಸದ್ದು ಕಣಮ್ಮ. ಡಬಡಬ ಅಂತ ಕಿವಿ ಕಿತ್ತೋಗಂಗೆ."

ಟೈಪಿಸ್ಟ್ ಕೈ ನಿಲ್ಲಿಸಿ ತಲೆ ಎತ್ತಿದ.

"ಇಂಜಿನ್ ಎಲ್ಲಿತ್ತು?"

"ಬಾವಿ ಒಳಗೆ. ನಡು ಮೆಟ್ಲ ಮೇಲೆ ಇಳ್ಸಿದ್ರಲ್ಲ. ಯಜಮಾನ್ರು ಅಲ್ಲೇ ನಿಂತು ನೋಡ್ತಿದ್ರು."

"ಆಗ ಈ ಮೇಸ್ತ್ರಿ ಅಲ್ಲಿದ್ದರಾ?"

ಅವಳು ಏಳುಮಲೈಯ ಕಡೆ ನೋಡಿದಳು. ಈ ಸಲ ಬೇರೆಯೇ ರೀತಿ ನೋಡಿದಳು, ನೆನಪು ಮಾಡಿಕೊಳ್ಳುವ ಹಾಗೆ. "ಇಲ್ಲ. ಮುನಿಯಪ್ಪ ಇದ್ದ. ಯಜಮಾನ್ರು, ಇನ್ನಿಬ್ರು ಆಳು. ಈಯಪ್ಪ ಇರ್ಲಿಲ್ಲ."

ನ್ಯಾಯಾಧೀಶರು ಮುಂದಕ್ಕೆ ಬಾಗಿದರು. "ತಡೀರಿ. ಇನ್ನೊಮ್ಮೆ ಸಾವಕಾಶ ಹೇಳ್ರಿ. ಬಾವಿ ಒಳಗ ಇಂಜಿನ್ ಚಾಲೂ ಇತ್ತೇನ್ರಿ?"

"ಹೂಂ ಸಾಮಿ."

"ಇದನ್ನ ಪೊಲೀಸರ ಮುಂದ ಯಾಕ ಹೇಳಲಿಲ್ಲ?"

"ನನ್ನ ಯಾರೂ ಕೇಳ್ಲೇ ಇಲ್ವಲ್ಲ ಸಾಮಿ. ಅಳ್ತಾ ಕೂತಿದ್ದೋಳ್ನ ಯಾರ್ ಕೇಳ್ತಾರೆ?" ಎಂದವಳು ಏನೋ ಹೊಳೆದಂತೆ ನನ್ನ ಕಡೆ ತಿರುಗಿದಳು. "ಯಾಕಮ್ಮ? ಆ ಇಂಜಿನ್ನಿಂದಾನಾ? ಅದರ ಹೊಗೆಯಿಂದಾನಾ?"

ಸಾಕ್ಷಿಯ ಪ್ರಶ್ನೆಗೆ ವಕೀಲರು ಉತ್ತರ ಕೊಡುವಂತಿಲ್ಲ. ಉತ್ತರ ಅವಳಿಗೇ ಸಿಕ್ಕಿತು. ಅವಳು ಕಟಕಟೆಯ ಮರವನ್ನು ಎರಡೂ ಕೈಯಿಂದ ಹಿಡಿದುಕೊಂಡು, "ನಾನ್ ಕಣ್ಣಾರೆ ನೋಡಿದ್ನಲ್ಲಪ್ಪೋ," ಎಂದಳು. ಹಿಂದಿನ ಬೆಂಚಿನಲ್ಲಿದ್ದ ರಾಜಶೇಖರಪ್ಪ ಎದ್ದು ಹೊರಗೆ ಹೋಗುವುದನ್ನು ನ್ಯಾಯಾಧೀಶರೂ ಕಂಡರು.

ಅಲ್ಲಿಂದಾಚೆ ಎಲ್ಲವೂ ನಮ್ಮ ಕಡೆಗೆ ಹರಿಯಿತು. ನ್ಯಾಯಾಧೀಶರು ಅಂದೇ ನನ್ನ ಅರ್ಜಿಯನ್ನು ಒಪ್ಪಿ ರಕ್ತದ ಮರುಪರೀಕ್ಷೆಗೆ ಆದೇಶ ಕೊಟ್ಟರು, ಮುನಿಯಪ್ಪನನ್ನು ಮತ್ತೆ ಕರೆಸಿದರು. ಅವನು ಬರುವ ದಿನ ರತ್ನಮ್ಮ ಕೋರ್ಟಿನ ಮೆಟ್ಟಿಲ ಮೇಲೆ ಕಾದು ನಿಂತಿದ್ದಳು. "ಲೇ ಮುನಿಯಪ್ಪ, ಒಂದೇ ಎಲೆಯಾಗೆ ಉಂಡೋರು ಕಣ್ಲಾ ನೀವು," ಎಂದಳು, ಅಷ್ಟೇ. ಒಳಗೆ ಅವನು ಈ ಸಲ ನೆಲ ನೋಡಲಿಲ್ಲ. ನಾಲ್ಕು ಜನ ಹಗ್ಗ ಹಿಡಿದು ಇಂಜಿನ್ ಇಳಿಸಿದ್ದನ್ನು, ಅದು ಒಂದೂವರೆ ಗಂಟೆ ಓಡಿದ್ದನ್ನು, ಮೇಸ್ತ್ರಿ ಬರಲಿ ಎಂದು ಸೀನಪ್ಪ ಹಿಂಜರಿದಾಗ ಯಜಮಾನ ಗದರಿಸಿ ಇಳಿಸಿದ್ದನ್ನು, ಆಮೇಲೆ ಇಂಜಿನ್ನನ್ನು ಮೇಲೆಳೆದು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದನ್ನು ಎಲ್ಲ ಹೇಳಿದ. ನಡುವೆ ಎರಡು ಸಲ ನೀರು ಕೇಳಿ ಕುಡಿದ. ಕೆಳಗಿಳಿದವನು ಏಳುಮಲೈಯ ಮುಂದೆ ನಿಂತು ಕೈ ಮುಗಿದಾಗ ಮೇಸ್ತ್ರಿ ಅವನ ಬೆನ್ನು ತಟ್ಟಿದ.

ದಸರಾ ಕಳೆದ ಮೇಲೆ ರಕ್ತದ ವರದಿ ಬಂತು. ಇಂಜಿನ್ ಹೊಗೆಯ ವಿಷ ಮನುಷ್ಯನನ್ನು ಕೊಲ್ಲುವಷ್ಟಿತ್ತು. ಸಾಕ್ಷಿ ಹೇಳಲು ಬಂದ ವೈದ್ಯರು ಫೋಟೋದ ಕಪ್ಪು ಮಚ್ಚೆಯನ್ನೂ ತಮ್ಮ ವರದಿಯ ಆ ಗುಲಾಬಿಗೆಂಪಿನ ಸಾಲನ್ನೂ ನೋಡಿ, "ಆಗಲೇ ನನಗೆ ಅನುಮಾನ ಬರಬೇಕಿತ್ತು," ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ತೀರ್ಪಿನ ದಿನ ದೀಪಾವಳಿಗೆ ಒಂದು ವಾರವಿತ್ತು. ಕೋರಮಂಡಲ್ ಸಾಲುಮನೆಗಳ ಮುದುಕರು, ಏಳುಮಲೈ ಜೊತೆ ಸುರಂಗದಲ್ಲಿ ದುಡಿದವರು, ಒಗೆದ ಅಂಗಿ ಹಾಕಿಕೊಂಡು ಬಂದು ಬೆಂಚುಗಳ ತುಂಬ ಕೂತಿದ್ದರು. ನನ್ನ ಅಮ್ಮನೂ ಬಂದಿದ್ದಳು. ನ್ಯಾಯಾಧೀಶರು ಮೊದಲು ಒಂದು ಆದೇಶ ಓದಿದರು. ಸೀನಪ್ಪನ ಸಾವಿಗೆ ರಾಜಶೇಖರಪ್ಪನನ್ನೇ ಆರೋಪಿಯಾಗಿ ಕರೆಸಬೇಕು. ಆಮೇಲೆ ಕನ್ನಡಕ ತೆಗೆದು ಏಳುಮಲೈಯನ್ನು ನೋಡಿ ಹೇಳಿದರು. "ನಿಮ್ಮ ಮ್ಯಾಲಿನ ಆರೋಪ ಸುಳ್ಳದ. ನೀವು ಬ್ಯಾಡ ಅಂದ ಕೆಲಸ ಯಜಮಾನ ಮಾಡಿಸಿದ್ದಕ್ಕ ಒಬ್ಬ ಮನುಷ್ಯ ಸತ್ತಾನ. ಅವನ್ನ ಉಳಸ್ಲಿಕ್ಕೆ ನಿಮ್ಮ ಜೀವಾ ಪಣಕ್ಕಿಟ್ಟು ಇಳದೀರಿ. ಇದನ್ನ ನಾ ತೀರ್ಪಿನ್ಯಾಗ ಬರದೀನಿ. ನಿಮ್ಮನ್ನ ಬಿಡುಗಡೆ ಮಾಡೀನಿ."

ಮುದುಕರು ಒಮ್ಮೆಲೇ ಎದ್ದು ನಿಂತರು. ಚಪ್ಪಾಳೆ ತಟ್ಟಬಾರದು ಎಂದು ಗೊತ್ತಿದ್ದವರು ಟವೆಲ್ಲುಗಳನ್ನು ಎತ್ತಿ ಬೀಸಿದರು. ಪೊನ್ನಮ್ಮ ನನ್ನನ್ನು ಅಪ್ಪಿಕೊಂಡು ತಮಿಳಿನಲ್ಲಿ ಏನೇನೋ ಹೇಳಿದಳು. ಅಮ್ಮ ದೂರ ನಿಂತು ಸೆರಗು ಬಾಯಿಗೆ ಹಿಡಿದುಕೊಂಡು ನಗುತ್ತಿದ್ದಳು. ಫೋಟೋ ನೋಡಿ ನಕ್ಕಿದ್ದ ಆ ಹಿರಿಯ ವಕೀಲರು ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಕೈ ಕುಲುಕಿದರು. ನಾನು ನೆಲದ ಮೇಲೆ ನಿಂತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ.

ಜನ ಕರಗಿದ ಮೇಲೆ ರತ್ನಮ್ಮ ಕೋರ್ಟಿನ ಅಂಗಳದ ಹುಣಸೆ ಮರದ ಕೆಳಗೆ ಏಳುಮಲೈಯ ಹತ್ತಿರ ಬಂದಳು.

"ಮೇಸ್ತ್ರಿ, ಆಯಪ್ಪನ್ನ ಮ್ಯಾಲಕ್ಕೆ ಒತ್ಕೊಂಡು ಬಂದಿದ್ದು ನೀನೇ ಅಂತೆ."

"ಹೌದಮ್ಮ. ಸ್ವಲ್ಪ ಮುಂಚೆ ಬಂದಿದ್ರೆ..."

"ನಾನ್ ನಿಂಗೆ ಒಂದೂವರೆ ವರ್ಷ ದಿನಾ ಶಾಪ ಆಕಿವ್ನಿ."

"ಆಕು ತಾಯಿ. ನನ್ನ ಆಳೇ ಅಲ್ವಾ ಅವ್ನು?"

ಅವಳು ಬಗ್ಗಿ ಅವನ ಕಾಲು ಮುಟ್ಟಲು ಹೋದಳು. ಅವನು ಗಾಬರಿಯಿಂದ ಹಿಂದಕ್ಕೆ ಸರಿದು ಅವಳ ಎರಡೂ ಕೈ ಹಿಡಿದುಕೊಂಡ. ಇಬ್ಬರೂ ಅಳುತ್ತಿದ್ದರು.

ರಾಜಶೇಖರಪ್ಪನ ಕೇಸು ಮುಂದೆ ನಡೆದು ಅವನಿಗೆ ಶಿಕ್ಷೆಯೂ ಆಯಿತು. ಆದರೆ ಆ ವರ್ಷವನ್ನು ನೆನೆದರೆ ನನ್ನ ಕಣ್ಣಿಗೆ ಬರುವುದು ಅದಲ್ಲ. ಸಂಕ್ರಾಂತಿ ಕಳೆದು ವಾರಕ್ಕೆ ಸೀನಪ್ಪನ ಊರಿನವರು, ಅಂದು ಹೆಣವನ್ನು ರಸ್ತೆಯಲ್ಲಿಟ್ಟು ಕೂತವರೇ, ಕೋರಮಂಡಲ್‌ಗೆ ಹೋಗಿ ತಮ್ಮೂರ ಕುಡಿಯುವ ನೀರಿನ ಬಾವಿಯ ಹೂಳೆತ್ತಲು ಏಳುಮಲೈಯನ್ನು ಕರೆದು ತಂದರು. ನಾನೂ ಅಮ್ಮನೂ ಹೊಲ ದಾಟಿ ನೋಡಲು ಹೋದೆವು. ಹದಿನೈದು ಮಂದಿ ಗಂಡಸರು ಅವನು ಹೇಳಿದಲ್ಲಿ ನಿಂತು, ಅವನು ಕೈ ಎತ್ತುವವರೆಗೆ ಕಾಯುತ್ತಿದ್ದರು. ತಾನು ಮೊದಲು ಇಳಿಯುತ್ತೇನೆ ಎಂದು ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಏಳುಮಲೈ, ಅದರ ತುದಿ ಯಾರು ಹಿಡಿಯುತ್ತೀರಿ ಎಂದು ಸುತ್ತ ನೋಡಿದ. ಗಂಡಸರ ಸಾಲನ್ನು ಸರಿಸಿಕೊಂಡು ರತ್ನಮ್ಮ ಮುಂದೆ ಬಂದಳು.

"ನಂಗೆ ಕೊಡು ಮೇಸ್ತ್ರಿ. ನಾನ್ ಬಿಡಾಕಿಲ್ಲ."

ಅವನು ಹಗ್ಗದ ತುದಿಯನ್ನು ಅವಳ ಕೈಗೆ ಕೊಟ್ಟು ಬಾವಿಗೆ ಇಳಿದ.